ಬಾಣಂತಿಯ ಮನೋವ್ಯಾಧಿ ಮತ್ತು ಶ್ರಾವಕಧರ್ಮ

ಹೆರಿಗೆಯಾದ ಮನೆಯಲ್ಲಿ ಲೆಕ್ಕವಿಡುವ ಸಂಗತಿಗಳು ಅನೇಕ. ಕೂಸಿನ ತೂಕವೆಷ್ಟು, ಹಾಲು ಎಷ್ಟು ಸಲ ಕುಡಿಯಿತು, ಹೊಕ್ಕುಳಬಳ್ಳಿ ಎಂದು ಬಿದ್ದಿತು, ಪುರುಡು ಎಂದು ಕಳೆಯುತ್ತದೆ, ತೊಟ್ಟಿಲ ಕಾರ್ಯಕ್ಕೆ ಬೀಗರು ಎಷ್ಟು ಮಂದಿ ಬರುತ್ತಾರೆ, ಅಂಟಿನ ಉಂಡಿಗೆ ಉತ್ತತ್ತಿ ಎಷ್ಟು, ಒಣಕೊಬ್ಬರಿ ಎಷ್ಟು, ಇವೆಲ್ಲವೂ ಮನೆಯ ಹಿರಿಯ ಹೆಂಗಸರಿಗೆ ಬಾಯಿಪಾಠವಾಗಿರುತ್ತವೆ. ಹೆತ್ತವಳಿಗೆ ರಾತ್ರಿ ನಿದ್ರೆ ಬಂದಿತೇ ಎಂಬುದೊಂದು ಮಾತ್ರ ಯಾವ ವಹಿಯಲ್ಲಿಯೂ ಸೇರುವುದಿಲ್ಲ.

ಬಬಲೇಶ್ವರದ ಒಂದು ಮನೆಯನ್ನು ಕಲ್ಪಿಸಿಕೊಳ್ಳಬಹುದು. ಟಿಕೋಟಾಕ್ಕೆ ಕೊಟ್ಟ ಮಗಳು ಚೊಚ್ಚಲ ಹೆರಿಗೆಗೆ ತವರಿಗೆ ಬಂದಿದ್ದಾಳೆ. ಹೆರಿಗೆ ವಿಜಯಪುರದ ಆಸ್ಪತ್ರೆಯಲ್ಲಿ ಸುಸೂತ್ರವಾಗಿ ಆಗಿದೆ. ಅಳಿಯನ ಮನೆಯಲ್ಲಿ ದ್ರಾಕ್ಷಿ ತೋಟದ ಅಕ್ಟೋಬರ್ ಚಾಟ್ನಿಯ ಗಡಿಬಿಡಿ. ಅವನು ಕೂಸಿನ ಮುಖ ನೋಡಿ ಹೋದವನು ಮತ್ತೆ ಬಂದಿಲ್ಲ. ಮೂರನೆಯ ವಾರದಲ್ಲಿ ಮಗಳು ಮಾತು ಕಡಿಮೆ ಮಾಡುತ್ತಾಳೆ. ಕೂಸು ಮಲಗಿದಾಗಲೂ ಅವಳ ಕಣ್ಣು ಮುಚ್ಚುವುದಿಲ್ಲ. ಹಾಲು ಕುಡಿಸುತ್ತಾಳೆ, ಆದರೆ ಕೂಸಿನ ಮುಖ ನೋಡುವುದಿಲ್ಲ. ತಾಯಿ ಕೇಳುತ್ತಾಳೆ: "ಯಾಕವಾ, ಹಿಂಗ ಗ್ವಾಡಿ ನೋಡಕೋತ ಕುಂತಿ?" ಮಗಳು "ಏನಿಲ್ಲವಾ" ಎನ್ನುತ್ತಾಳೆ. ಅಜ್ಜಿ "ಹಡದಾಕಿಗೆ ಇದೆಲ್ಲಾ ಇರತೈತಿ" ಎನ್ನುತ್ತಾಳೆ. ನೆರೆಮನೆಯವಳು ಗಾಳಿ ಸೋಕಿದೆ ಎಂದು ದೃಷ್ಟಿ ತೆಗೆಯಲು ಹೇಳುತ್ತಾಳೆ. ಟಿಕೋಟಾದಿಂದ ಅತ್ತೆ ಫೋನಿನಲ್ಲಿ "ನಾವೇನು ಹಡದಿಲ್ಲೇನು?" ಎಂದು ಕೇಳುತ್ತಾಳೆ. ಕೊನೆಗೆ, ನಿತ್ಯ ಸ್ವಾಧ್ಯಾಯ ಮಾಡುವ, ಮನೆಯವರೆಲ್ಲರೂ ಗೌರವಿಸುವ ದೊಡ್ಡಪ್ಪ ತೀರ್ಪು ಕೊಡುತ್ತಾನೆ: "ಅಸಾತಾ ಕರ್ಮದ ಉದಯ ಐತಿ. ಅದನ್ನ ಅನುಭವಿಸೇ ತೀರಬೇಕು."

ಈ ಮನೆಯಲ್ಲಿ ಕೆಟ್ಟವರು ಯಾರೂ ಇಲ್ಲ. ಮಗಳಿಗೆ ಬಿಸಿನೀರು ಎರೆಯುವವರಿದ್ದಾರೆ, ತುಪ್ಪ ಬಡಿಸುವವರಿದ್ದಾರೆ. ಆದರೂ ಅವಳು ಒಬ್ಬಳೇ ಇದ್ದಾಳೆ. ವಿಚಾರ ಮಾಡಬೇಕಾದದ್ದು ದೊಡ್ಡಪ್ಪನ ಮಾತನ್ನು. ಉಳಿದವರು ತಿಳಿಯದೆ ಹೇಳಿದರು. ಅವನು ಶಾಸ್ತ್ರವನ್ನು ಮುಂದಿಟ್ಟು ಹೇಳಿದ, ಆದ್ದರಿಂದ ಆ ಮಾತಿನ ಮೇಲೆ ಮನೆಯಲ್ಲಿ ಯಾರೂ ಮಾತಾಡಲಿಲ್ಲ.

ಮೊದಲು ರೋಗದ ಸ್ವರೂಪವನ್ನು ನೋಡುವುದು ಯುಕ್ತ. ಹೆರಿಗೆಯಾದ ಮೂರನೆಯ, ನಾಲ್ಕನೆಯ ದಿನದಿಂದ ಅಕಾರಣವಾಗಿ ಅಳು ಬರುವುದು, ಮನಸ್ಸು ಕ್ಷಣಕ್ಕೊಂದು ರೀತಿ ಆಗುವುದು ಅರ್ಧಕ್ಕಿಂತ ಹೆಚ್ಚು ತಾಯಂದಿರಲ್ಲಿ ಕಾಣುವಂಥದು. ಗರ್ಭಕಾಲದಲ್ಲಿ ಏರಿದ್ದ ಹಾರ್ಮೋನುಗಳು ಹೆರಿಗೆಯ ನಂತರ ಥಟ್ಟನೆ ಇಳಿಯುವುದೂ ನಿದ್ದೆಗೇಡೂ ಇದಕ್ಕೆ ಕಾರಣಗಳು. ಎರಡು ವಾರದೊಳಗೆ ಇದು ತಾನಾಗಿ ಶಮನವಾಗುತ್ತದೆ. ಅಜ್ಜಿಯ "ಇರತೈತಿ" ಎಂಬ ಮಾತು ಇಷ್ಟರ ಮಟ್ಟಿಗೆ ಸತ್ಯ. ಎರಡು ವಾರ ದಾಟಿಯೂ ದುಃಖ ಕುಗ್ಗದೆ, ಯಾವುದರಲ್ಲಿಯೂ ಆಸಕ್ತಿಯಿಲ್ಲದೆ, ಹಸಿವು ನಿದ್ರೆಗಳು ಕೆಟ್ಟು, ತಾನು ಕೆಟ್ಟ ತಾಯಿ ಎಂಬ ಭಾವನೆ ಬಲಿಯುತ್ತ ಹೋದರೆ ಅದು ಖಿನ್ನತೆ ಎಂಬ ರೋಗ. ಗರ್ಭಿಣಿಯಾಗಿರುವಾಗಲೇ ಇದು ಆರಂಭವಾಗುವುದೂ ಉಂಟು. ಕುಬುಸದ ದಿನ ಹಸಿರು ಸೀರೆಯುಟ್ಟು ಎಲ್ಲರೆದುರು ನಕ್ಕವಳು ಆ ರಾತ್ರಿ ಸಾಯುವ ವಿಚಾರ ಮಾಡಿರಬಹುದು. ರಕ್ತಹೀನತೆಯಾಗಲಿ ಥೈರಾಯ್ಡ್ ಗ್ರಂಥಿಯ ಏರುಪೇರಾಗಲಿ ಇಂಥದೇ ಲಕ್ಷಣಗಳನ್ನು ತೋರಬಲ್ಲವಾದ್ದರಿಂದ ವೈದ್ಯರು ರಕ್ತ ಪರೀಕ್ಷೆಯನ್ನೂ ಮಾಡಿಸುತ್ತಾರೆ.

ಮೂರನೆಯದು ಬಾಣಂತಿ ಸನ್ನಿ. ಹಳಬರು ಜ್ವರದ ಬಡಬಡಿಕೆಯನ್ನೂ ಈ ಹೆಸರಿನಿಂದಲೇ ಕರೆಯುತ್ತಿದ್ದರು. ವೈದ್ಯರು ಹೇಳುವ ಸನ್ನಿಯಲ್ಲಿ ಜ್ವರವಿಲ್ಲದೆಯೇ ಬುದ್ಧಿ ಕದಡುತ್ತದೆ. ಸಾವಿರ ಹೆರಿಗೆಗಳಲ್ಲಿ ಒಂದೆರಡರಲ್ಲಿ ಇದು ಕಾಣಿಸುತ್ತದೆ. ಬಹುಪಾಲು ಮೊದಲ ಎರಡು ವಾರಗಳಲ್ಲಿ, ದಿನ ಬೆಳಗಾಗುವಷ್ಟರಲ್ಲಿ ಉಲ್ಬಣಿಸುತ್ತದೆ: ನಿದ್ರೆಯೇ ಬೇಡವಾಗುವುದು, ಇಲ್ಲದ ದನಿ ಕೇಳುವುದು, ಕೂಸು ತನ್ನದಲ್ಲ ಎನ್ನುವುದು, ಯಾರೋ ವಿಷವಿಕ್ಕುತ್ತಿದ್ದಾರೆಂಬ ಸಂಶಯ. ಇದರಲ್ಲಿ ಒಂದು ದಿನವನ್ನೂ ಕಳೆಯುವಂತಿಲ್ಲ. ಮೈಯಿಂದ ರಕ್ತ ಸುರಿಯುತ್ತಿರುವ ಬಾಣಂತಿಯನ್ನು ಹೇಗೆ ಕರೆದೊಯ್ಯುತ್ತಾರೋ ಹಾಗೆಯೇ ಆಸ್ಪತ್ರೆಗೆ ಕರೆದೊಯ್ಯಬೇಕು.

ಇದೆಲ್ಲ ಪೇಟೆಯವರ, ಓದಿದವರ ಹೊಸ ರೋಗವೆಂದು ಹೇಳುವವರಿದ್ದಾರೆ. ಫ್ರಾನ್ಸಿನ ಲೂಯಿ ವಿಕ್ಟರ್ ಮಾರ್ಸೆ ಎಂಬ ವೈದ್ಯ ಗರ್ಭಿಣಿ ಬಾಣಂತಿಯರ ಬುದ್ಧಿವಿಕಲತೆಯನ್ನು ಕುರಿತು ಗ್ರಂಥ ಬರೆದದ್ದು 1858ರಲ್ಲಿ. ನೆರೆಯ ಗೋವೆಯಲ್ಲಿ 270 ತಾಯಂದಿರನ್ನು ಪರೀಕ್ಷಿಸಿ 2002ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಹೆರಿಗೆಯಾದ ಆರರಿಂದ ಎಂಟು ವಾರಗಳಲ್ಲಿ ಶೇಕಡಾ 23 ಮಂದಿಗೆ ಖಿನ್ನತೆಯಿತ್ತು. ಬಡತನ, ಗಂಡನೊಡನೆ ವಿರಸ, ಹುಟ್ಟಿದ್ದು ಹೆಣ್ಣೆಂಬ ಅಸಮಾಧಾನ, ಇವು ಅದರ ಹಿಂದೆ ಕಂಡ ಕಾರಣಗಳು. ದೇಶದ 38 ಅಧ್ಯಯನಗಳನ್ನು ಒಟ್ಟುಗೂಡಿಸಿದ 2017ರ ಒಂದು ವಿಮರ್ಶೆಯೂ ಶೇಕಡಾ 22 ಎಂಬ ಅಂಕಿಗೆ ಬಂದು ನಿಂತಿತು. ಐದು ತೊಟ್ಟಿಲುಗಳಲ್ಲಿ ಒಂದರ ಬದಿಯ ಲೆಕ್ಕವಿದು. ಕಲಿತವರಿಗೂ ಸಿರಿವಂತರಿಗೂ ಇದರಿಂದ ರಿಯಾಯಿತಿಯಿಲ್ಲ. 2022ರ ಜನವರಿಯಲ್ಲಿ ಬೆಂಗಳೂರಿನಲ್ಲಿ, ರಾಜ್ಯದ ಅತಿ ಪ್ರಭಾವೀ ರಾಜಕೀಯ ಮನೆತನವೊಂದರ ತರುಣಿ, ಸ್ವತಃ ವೈದ್ಯೆ, ಕೆಲವೇ ತಿಂಗಳ ಕೂಸನ್ನು ಬಿಟ್ಟು ಪ್ರಾಣ ಕಳೆದುಕೊಂಡಾಗ ಅವರಿಗೆ ಪ್ರಸವಾನಂತರದ ಖಿನ್ನತೆಯಿತ್ತೆಂದು ಪತ್ರಿಕೆಗಳು ವರದಿ ಮಾಡಿದವು. ಆ ವಾರ ಎಲ್ಲ ಮನೆಗಳಲ್ಲಿಯೂ ಇದರ ಮಾತು ಇತ್ತು. ಮುಂದಿನ ವಾರ ಇರಲಿಲ್ಲ.

ಇನ್ನು ದೊಡ್ಡಪ್ಪನ ಮಾತು. ಸುಖದುಃಖಗಳ ಅನುಭವಕ್ಕೆ ವೇದನೀಯ ಕರ್ಮ ಕಾರಣ, ಅದರಲ್ಲಿ ಸಾತಾ ಅಸಾತಾ ಎಂದು ಎರಡು ಭೇದ ಎಂಬುದು ಪಾಠಶಾಲೆಯ ಮಕ್ಕಳಿಗೂ ತಿಳಿದದ್ದು. ಬಾಣಂತಿಯ ದುಃಖ ಅಸಾತಾ ವೇದನೀಯದ ಉದಯವೆಂದರೆ ತಪ್ಪಲ್ಲ. ಆದರೆ ಅಷ್ಟಕ್ಕೇ ನಿಲ್ಲಿಸಿದರೆ ಅರ್ಧ ಪುಟವನ್ನು ಓದಿ ಗ್ರಂಥ ಮುಚ್ಚಿದಂತೆ. ಕರ್ಮ ಉದಯಕ್ಕೆ ಬರುವುದಕ್ಕೆ ದ್ರವ್ಯ, ಕ್ಷೇತ್ರ, ಕಾಲ, ಭಾವಗಳ ನಿಮಿತ್ತ ಬೇಕು. ಬದ್ಧವಾದ ಕರ್ಮದ ಶಕ್ತಿ ಕುಗ್ಗುವುದುಂಟು, ಅಸಾತಾ ಸಾತಾ ಆಗಿ ಸಂಕ್ರಮಣ ಹೊಂದುವುದುಂಟು ಎಂದು ಕರ್ಮಸಿದ್ಧಾಂತದ ಗ್ರಂಥಗಳೇ ವಿಸ್ತಾರವಾಗಿ ಹೇಳುತ್ತವೆ. ಕಲ್ಲಿನಲ್ಲಿ ಕೊರೆದ ವಿಧಿಯನ್ನು ಜಿನಾಗಮ ಬೋಧಿಸುವುದಿಲ್ಲ. ವ್ಯಾಪಾರ ಕುಸಿದಾಗ ಯಾವ ಶ್ರಾವಕನೂ ಅಂತರಾಯ ಕರ್ಮದ ಉದಯವೆಂದು ಅಂಗಡಿಯ ಕದವಿಕ್ಕಿ ಕುಳಿತುಕೊಳ್ಳುವುದಿಲ್ಲ. ದ್ರಾಕ್ಷಿಗೆ ಬೂದಿರೋಗ ಬಿದ್ದರೆ ಅದೇ ಸಂಜೆ ಔಷಧಿ ತರಲು ಮೋಟಾರ್ ಸೈಕಲ್ ಹೊರಡುತ್ತದೆ. ಕರ್ಮದ ಮೇಲೆ ಭಾರ ಹಾಕುವ ಈ ವೈರಾಗ್ಯ ಸೊಸೆಯ, ಮಗಳ ರೋಗದ ವಿಷಯದಲ್ಲಿಯೇ ಏಕೆ ನೆನಪಿಗೆ ಬರಬೇಕು?

ಇನ್ನೊಂದು ಮುಖವಿದೆ. ಅಸಾತಾ ಕರ್ಮದ ಆಸ್ರವಕ್ಕೆ ಕಾರಣಗಳನ್ನು ಹೇಳುವಾಗ ತತ್ತ್ವಾರ್ಥಸೂತ್ರವು ತಾನು ದುಃಖ ಶೋಕಗಳನ್ನು ಅನುಭವಿಸುವುದನ್ನಷ್ಟೇ ಹೇಳದೆ, ಪರರಲ್ಲಿ ಅವನ್ನು ಉಂಟುಮಾಡುವುದನ್ನೂ ಸೇರಿಸುತ್ತದೆ. ಜೀವದಯೆ, ದಾನ, ಕ್ಷಮೆ ಮೊದಲಾದವು ಸಾತಾ ಕರ್ಮದ ಬಂಧಕ್ಕೆ ಕಾರಣ. ಲೆಕ್ಕ ಬರೆಯುವವರಿಗೆ ಇದು ಬೇಗ ಅರ್ಥವಾಗಬೇಕು. ಒಂದು ಖಾತೆಗೆ ಖರ್ಚು ಬರೆದು ಇನ್ನೊಂದಕ್ಕೆ ಏನೂ ಬರೆಯದಿದ್ದರೆ ಆ ಜಮಾಖರ್ಚು ತಾಳೆಯಾಗುವುದಿಲ್ಲ. ಬಾಣಂತಿಯ ಖಾತೆಯಲ್ಲಿ ಅಸಾತಾ ಉದಯವೆಂದು ಬರೆದ ಕೈ, ಅದೇ ದಿನಾಂಕದಲ್ಲಿ, ಅವಳನ್ನು ನೋಡುತ್ತ ಕುಳಿತ ಮನೆಯವರ ಖಾತೆಯಲ್ಲಿ ಏನು ಬರೆಯಬೇಕೆಂಬುದನ್ನೂ ಯೋಚಿಸಬೇಕಾಗುತ್ತದೆ.

ಅಹಿಂಸಾಣುವ್ರತಕ್ಕೆ ಐದು ಅತಿಚಾರಗಳು: ಬಂಧ, ವಧ, ಛೇದ, ಅತಿಭಾರಾರೋಪಣ, ಅನ್ನಪಾನನಿರೋಧ. ಕಟ್ಟಿಹಾಕುವುದು, ಹೊಡೆಯುವುದು, ಅಂಗವನ್ನು ಕತ್ತರಿಸುವುದು, ಶಕ್ತಿ ಮೀರಿ ಭಾರ ಹೇರುವುದು, ಅನ್ನ ನೀರು ತಡೆಯುವುದು. ಪ್ರವಚನಗಳಲ್ಲಿ ಇವನ್ನು ವಿವರಿಸುವಾಗ ಉದಾಹರಣೆ ಸಾಮಾನ್ಯವಾಗಿ ಎತ್ತಿನದು. ಗಾಡಿಗೆ ಹೆಚ್ಚು ಚೀಲ ಹೇರಬಾರದು, ಹೊತ್ತಿಗೆ ಸರಿಯಾಗಿ ಮೇವು ಹಾಕಬೇಕು ಎಂದು ಹೇಳಿ ಮುಂದಿನ ವ್ರತಕ್ಕೆ ಹೋಗುತ್ತಾರೆ. ಮನೆಗಳಲ್ಲಿ ಎತ್ತುಗಳು ಕಡಿಮೆಯಾದವು, ಅತಿಚಾರಗಳು ಉಳಿದಿವೆ. ಸಿಸೇರಿಯನ್ ಆಗಿ ಹದಿನೈದು ದಿನವಾಗದವಳು ರಾತ್ರಿ ಐದು ಸಲ ಏಳಬೇಕು, ಬೆಳಗ್ಗೆ ಬಂದವರೆದುರು ನಗಬೇಕು, ಹಾಲು ಸಾಲದೆಂಬ ಟೀಕೆ ಕೇಳಬೇಕು, ಹೆಣ್ಣು ಹುಟ್ಟಿತೆಂಬ ನಿಟ್ಟುಸಿರಿಗೆ ತಾನೇ ಹೊಣೆಯಾಗಬೇಕು. ಇದು ಅತಿಭಾರಾರೋಪಣವಲ್ಲದೆ ಬೇರೇನು? ನೀರು ಕುಡಿದರೆ ಹೊಟ್ಟೆ ಬರುತ್ತದೆ, ಗಾಯ ಮಾಯುವುದಿಲ್ಲ ಎಂದು ಬಾಣಂತಿಗೆ ಅಳೆದು ನೀರು ಕೊಡುವ ರೂಢಿ ಇನ್ನೂ ಹೋಗಿಲ್ಲ. ಅಹಿಂಸೆಯ ಮನೆಯಲ್ಲಿ ಹಾಲೂಡುವ ತಾಯಿ ನೀರಿಗೆ ಬೇಡುವುದು ಅನ್ನಪಾನನಿರೋಧವೇ ಸರಿ. ಸನ್ನಿ ಹಿಡಿದವಳನ್ನು ಒಳಕೋಣೆಗೆ ಹಾಕಿ ಚಿಲಕವಿಡುವುದು ಬಂಧ. ಮೈಮೇಲೆ ಬಂದಿದೆಯೆಂದು ಬೇವಿನ ಟೊಂಗೆಯಿಂದ ಹೊಡೆಸುವುದು ವಧ. ಸೂತ್ರಕಾರರು ಪಶುವಿಗೆ ಬೇಡವೆಂದದ್ದು ಮನೆಮಗಳಿಗೆ ಸಲ್ಲುತ್ತದೆಂದು ವಾದಿಸುವ ಶ್ರಾವಕ ಇರಲಾರ. ಆದರೂ ಇವು ನಡೆಯುತ್ತವೆ, ಏಕೆಂದರೆ ಇವನ್ನು ಯಾರೂ ಆ ಹೆಸರುಗಳಿಂದ ಕರೆದಿಲ್ಲ.

ಜೈನ ಮನೆಗಳಲ್ಲಿ ಮಾತ್ರ ಕಾಣುವ ಒಂದು ತೊಡಕನ್ನು ಇಲ್ಲಿ ಹೇಳಬೇಕು. ಖಿನ್ನತೆಯಲ್ಲಿ ಹಸಿವು ಸಾಯುತ್ತದೆ, ಉಡಿಗೆ ತೊಡಿಗೆ ಬೇಡವಾಗುತ್ತದೆ, ಮಾತು ಬೇಡವಾಗುತ್ತದೆ. ಹೊರಗಿನಿಂದ ನೋಡುವವರಿಗೆ ಇದು ತ್ಯಾಗದಂತೆ ತೋರುತ್ತದೆ. ದಶಲಕ್ಷಣ ಪರ್ವದಲ್ಲಿಯೋ ಪರ್ಯೂಷಣದಲ್ಲಿಯೋ ನಾಲ್ಕು ತಿಂಗಳ ಬಾಣಂತಿ ಉಪವಾಸದ ಮೇಲೆ ಉಪವಾಸ ಹಿಡಿದರೆ ಮನೆಯವರು ಹೆಮ್ಮೆಪಡುತ್ತಾರೆ, ಬಂಧುಗಳು ಬಂದು ಅವಳ ತಪಸ್ಸನ್ನು ಹೊಗಳುತ್ತಾರೆ. ತನ್ನನ್ನು ತಾನು ಶಿಕ್ಷಿಸಿಕೊಳ್ಳಬೇಕೆಂಬ ರೋಗದ ಒತ್ತಾಯವನ್ನು ವ್ರತವೆಂದು ಸನ್ಮಾನಿಸಿದಂತಾಗುತ್ತದೆ. ಷೋಡಶಕಾರಣ ಭಾವನೆಗಳಲ್ಲಿ ತ್ಯಾಗವನ್ನೂ ತಪಸ್ಸನ್ನೂ ಹೇಳುವಾಗ ಎರಡಕ್ಕೂ ಶಕ್ತ್ಯನುಸಾರ ಎಂಬ ಕಟ್ಟು ಹಾಕಿದ್ದು ಸುಮ್ಮನೆ ಅಲ್ಲ. ವ್ರತ ಹಿಡಿದವರಲ್ಲಿ ಪ್ರಸನ್ನತೆ ಇರುತ್ತದೆ. ಪಾರಣೆಯ ದಿನವೂ ಮುಖ ಅರಳದ ಬಾಣಂತಿಯನ್ನು ಕಂಡರೆ ಹೊಗಳುವುದನ್ನು ಬಿಟ್ಟು ವೈದ್ಯರನ್ನು ಕಾಣಬೇಕು.

ಇನ್ನೊಂದು ತೊಡಕು ಇದಕ್ಕಿಂತ ಆಳವಾದದ್ದು. ಕೆಲವು ತಾಯಂದಿರಿಗೆ ಬೇಡವೆಂದರೂ ಭಯಂಕರ ವಿಚಾರಗಳು ನುಗ್ಗಿ ಬರುತ್ತವೆ. ಕೂಸನ್ನು ಎರೆಯುವಾಗ ಕೈಬಿಟ್ಟರೆ, ಹೆಚ್ಚುವ ಚಾಕು ಕೂಸಿಗೆ ತಗಲಿಸಿದರೆ, ಹೀಗೆ. ಅವಳಿಗೆ ಆ ವಿಚಾರದಿಂದಲೇ ಮೈ ನಡುಗುತ್ತದೆ, ಚಾಕುವನ್ನು ಅಡಗಿಸಿಡುತ್ತಾಳೆ, ಕೂಸನ್ನು ಮುಟ್ಟಲು ಅಂಜುತ್ತಾಳೆ. ವೈದ್ಯರು ಇದನ್ನು ಸನ್ನಿಯಿಂದ ಬೇರೆ ಮಾಡಿ ಗೀಳಿನ ರೋಗವೆಂದು ಹೇಳುತ್ತಾರೆ. ಇಂಥ ತಾಯಿ ತನ್ನ ವಿಚಾರವನ್ನು ತಾನೇ ಹೇಸುವುದರಿಂದ ಅದರಂತೆ ನಡೆಯುವ ಸಂಭವ ತೀರ ಕಡಿಮೆ. ಆದರೆ ಎಳೆತನದಿಂದ ಭಾವಹಿಂಸೆಯೂ ಹಿಂಸೆಯೇ ಎಂದು ಕೇಳಿ ಬೆಳೆದವಳ ಗತಿಯೇನು? ಇರುವೆಯನ್ನು ತುಳಿಯದಂತೆ ನಡೆಯುವವಳು ತನ್ನ ಕೂಸನ್ನೇ ಮನಸ್ಸಿನಲ್ಲಿ ಕೊಂದೆನೆಂದು ನಂಬಿ, ಪ್ರತಿಕ್ರಮಣದಲ್ಲಿ ಒಳಗೊಳಗೇ ಅತ್ತು, ಯಾರಿಗೂ ಹೇಳದೆ ಒಣಗುತ್ತಾಳೆ. ಸಂಕಲ್ಪವೆಂಬುದು ಜೀವ ಒಪ್ಪಿ ಮಾಡಿದ ನಿಶ್ಚಯ. ಒಪ್ಪದೆ, ಹೇಸುತ್ತ, ತಡೆಯುತ್ತ ಇರುವಾಗ ಬಂದುಹೋಗುವ ವಿಚಾರಕ್ಕೆ ಸಂಕಲ್ಪೀ ಹಿಂಸೆಯ ಹೆಸರು ಸಲ್ಲುವುದಿಲ್ಲ. ಈ ಮಾತನ್ನು ಮುನಿಗಳೋ ಭಟ್ಟಾರಕರೋ ಆರ್ಯಿಕೆಯರೋ ಒಂದು ಪ್ರವಚನದಲ್ಲಿ ಹೇಳಿದರೆ, ಸಭೆಯ ಹಿಂದಿನ ಸಾಲಿನಲ್ಲಿ ಕೂತ ಯಾರೋ ಒಬ್ಬಳಿಗೆ ಅದು ಔಷಧಿಯಷ್ಟೇ ಉಪಕಾರ ಮಾಡೀತು.

ಹಳೆಯ ಕಥೆಗಳಿಗೆ ಇದರ ಪರಿಚಯವಿತ್ತು. ಶ್ವೇತಾಂಬರ ಆಗಮವಾದ ನಿರಯಾವಲಿಕೆಯಲ್ಲಿ ಶ್ರೇಣಿಕ ಮಹಾರಾಜನ ರಾಣಿ ಚೇಲನೆಗೆ ಗರ್ಭಿಣಿಯಾಗಿದ್ದಾಗ ಗಂಡನ ಮಾಂಸದ ಬಯಕೆ ಹುಟ್ಟುತ್ತದೆ. ಹೇಳಲಾರದೆ ಅವಳು ಸೊರಗುತ್ತಾಳೆ. ದಾಸಿಯರು ಅರಸನಿಗೆ ತಿಳಿಸುತ್ತಾರೆ. ಅರಸ ಬಂದು ಕೇಳುತ್ತಾನೆ, ಹೇಳದಿದ್ದರೂ ಬಿಡದೆ ಮತ್ತೆ ಮತ್ತೆ ಕೇಳುತ್ತಾನೆ. ಕೇಳಿ ತಿಳಿದ ಮೇಲೆ ಅವಳನ್ನು ರಾಕ್ಷಸಿ ಎನ್ನುವುದಿಲ್ಲ; ಅಭಯಕುಮಾರನ ಜಾಣತನದಿಂದ, ಯಾರಿಗೂ ಹಾನಿಯಾಗದಂತೆ ಬಯಕೆಯನ್ನು ಶಮನ ಮಾಡುತ್ತಾರೆ. ಹುಟ್ಟಿದ ಕೂಸನ್ನು ಅವಳು ತಿಪ್ಪೆಗೆ ಎಸೆಯಿಸಿದಾಗ ಶ್ರೇಣಿಕನೇ ಅದನ್ನು ತರಿಸುತ್ತಾನೆ. ಕಥೆಯ ತಾತ್ಪರ್ಯ ಬೇರೆ ಇರಬಹುದು. ಆದರೂ ಆ ಅರಸನಿಗಿದ್ದ ತಾಳ್ಮೆ ಟಿಕೋಟಾದ ಅಳಿಯನಿಗೆ ಒಂದು ದಿನದ ಮಟ್ಟಿಗಾದರೂ ಬೇಕು.

ಎಲ್ಲಕ್ಕಿಂತ ಕಠಿಣವಾದ ಪ್ರಶ್ನೆ ಮುಂದಿನದು. ಸನ್ನಿಯ ಭ್ರಮೆಯಲ್ಲಿ ತಾಯಿ ತನ್ನ ಕೂಸಿಗೆ ಕೇಡು ಮಾಡಿಬಿಟ್ಟರೆ ಆ ಪಾಪ ಯಾರದು? ಇದು ಅಪರೂಪ, ಆದರೆ ಆಗದ್ದಲ್ಲ. ರಾಜ್ಯದ ಕಾನೂನು ತನ್ನ ಮಟ್ಟಿಗೆ ಉತ್ತರ ಹೇಳಿದೆ. ಇಂಗ್ಲೆಂಡಿನಲ್ಲಿ 1922ರಷ್ಟು ಹಿಂದೆಯೇ, ಹೆರಿಗೆಯ ಪರಿಣಾಮದಿಂದ ಬುದ್ಧಿ ಕದಡಿದ ತಾಯಿಯ ಕೃತ್ಯವನ್ನು ಕೊಲೆಯಿಂದ ಬೇರೆಯಾಗಿ ನೋಡುವ ಕಾಯಿದೆ ಬಂದಿತು. ಭಾರತದಲ್ಲಿಯೂ ಹಳೆಯ ದಂಡಸಂಹಿತೆಯ 84ನೆಯ ಕಲಮು, 2024ರ ಜುಲೈಯಿಂದ ಭಾರತೀಯ ನ್ಯಾಯ ಸಂಹಿತೆಯ 22ನೆಯ ಕಲಮು, ತಾನು ಮಾಡುವುದೇನೆಂದು ತಿಳಿಯಲಾರದ ಬುದ್ಧಿವಿಕಲರಿಗೆ ರಕ್ಷಣೆ ಕೊಡುತ್ತವೆ. ಧರ್ಮಶಾಸ್ತ್ರದ ನೋಟ ಇದಕ್ಕಿಂತ ದೂರ ಹೋಗುತ್ತದೆ. ಪ್ರಾಣಹರಣವಷ್ಟೇ ಹಿಂಸೆಯಲ್ಲ, ಪ್ರಮಾದದ ಯೋಗದಿಂದಾದ ಪ್ರಾಣಹರಣ ಹಿಂಸೆ ಎಂಬುದು ಸೂತ್ರದ ಆಶಯ. ಹಾಗಾದರೆ ಪ್ರಮಾದ ಯಾರಲ್ಲಿತ್ತು? ವಿವೇಕವೇ ಮುಚ್ಚಿಹೋಗಿದ್ದ ಹೆಂಗಸಿನಲ್ಲಿಯೋ, ಅಥವಾ ನಾಲ್ಕು ರಾತ್ರಿ ಅವಳು ನಿದ್ರೆಯಿಲ್ಲದೆ ಗೋಡೆಯೊಡನೆ ಮಾತಾಡಿದ್ದನ್ನು ಕಣ್ಣಾರೆ ಕಂಡು, ಜನ ಏನೆಂದಾರು ಎಂದು ಕೂಸನ್ನೂ ಅವಳನ್ನೂ ಒಂದೇ ಕೋಣೆಯಲ್ಲಿ ಬಿಟ್ಟ ಎಚ್ಚರವಿದ್ದವರಲ್ಲಿಯೋ? ಹಿಂಸೆ ಮಾಡುವವನು ಒಬ್ಬನಾಗಿ ಫಲದ ಭಾಗಿಗಳು ಹಲವರಾಗಬಹುದು ಎಂಬ ವಿಚಾರವನ್ನು ಅಮೃತಚಂದ್ರಾಚಾರ್ಯರ ಪುರುಷಾರ್ಥಸಿದ್ಧ್ಯುಪಾಯ ಚರ್ಚಿಸುತ್ತದೆ. ಅವಳ ಪಾಲಿನ ಕರ್ಮ ಎಷ್ಟೆಂದು ಅಳೆಯುವುದು ಕೇವಲಜ್ಞಾನಿಗಳಿಗೆ ಬಿಟ್ಟದ್ದು. ತಮ್ಮ ಪಾಲು ಎಷ್ಟೆಂದು ಅಳೆದುಕೊಳ್ಳುವುದು ಮನೆಯವರಿಗೆ ಅಸಾಧ್ಯವಲ್ಲ.

ರೋಗಕ್ಕೆ ಔಷಧಿ ಮಾಡುವುದು ಧರ್ಮವಿರೋಧವೆಂದು ಯಾವ ಪರಂಪರೆಯೂ ಹೇಳಿಲ್ಲ. ಚತುರ್ವಿಧ ದಾನಗಳಲ್ಲಿ ಔಷಧದಾನ ಒಂದು. ಅಂತರಂಗ ತಪಸ್ಸುಗಳಲ್ಲಿ ವೈಯಾವೃತ್ತ್ಯ ಒಂದು. ಅದರ ಪಾತ್ರರಲ್ಲಿ ಗ್ಲಾನ, ಅಂದರೆ ರೋಗಪೀಡಿತ ಸಾಧು, ಸೇರಿದ್ದಾನೆ. ಅದೇ ಕಾರುಣ್ಯ ಮನೆಯ ರೋಗಿಗೆ ಸಲ್ಲಬಾರದೆಂದಿಲ್ಲ. ಸಮಂತಭದ್ರಾಚಾರ್ಯರಿಗೆ ಭಸ್ಮಕವ್ಯಾಧಿ ಬಂದಾಗ ಅವರು ಸಲ್ಲೇಖನಕ್ಕೆ ಅನುಮತಿ ಬೇಡಿದರೆಂದೂ, ಗುರುಗಳು ಒಪ್ಪದೆ ಮೊದಲು ರೋಗ ವಾಸಿಮಾಡಿಕೊಳ್ಳಲು ಆಜ್ಞಾಪಿಸಿದರೆಂದೂ ಪರಂಪರೆಯಲ್ಲಿ ಪ್ರಸಿದ್ಧವಾಗಿದೆ. ಅಷ್ಟು ದೊಡ್ಡವರಿಗೆ ವ್ಯಾಧಿ ಬಂದದ್ದನ್ನು ಯಾರೂ ಕಳಂಕವೆಂದು ಭಾವಿಸಿಲ್ಲ. ಮದ್ಯ ಮಾಂಸ ಮಧುಗಳಿಲ್ಲದೆ ಚಿಕಿತ್ಸೆಯನ್ನು ವಿಧಿಸಿದ ಉಗ್ರಾದಿತ್ಯಾಚಾರ್ಯರ ಕಲ್ಯಾಣಕಾರಕವೂ ಈ ಪರಂಪರೆಯದೇ.

ಮಾತ್ರೆಗಳ ವಿಷಯದಲ್ಲಿ ಶ್ರಾವಕರಿಗೆ ಇರುವ ಸಂಕೋಚಗಳು ನಿಜವಾದವು, ಅವನ್ನು ನಗೆಯಾಡಬಾರದು. ಕ್ಯಾಪ್ಸೂಲಿನ ಹೊದಿಕೆ ಸಾಮಾನ್ಯವಾಗಿ ಪ್ರಾಣಿಜನ್ಯ ಜೆಲಾಟಿನ್ನಿನದು. ಅದೇ ಔಷಧಿ ಗುಳಿಗೆಯ ರೂಪದಲ್ಲಿ ದೊರೆಯುವುದೇ ಎಂದು ವೈದ್ಯರನ್ನು ಕೇಳಬಹುದು. ರಾತ್ರಿಭೋಜನ ತ್ಯಾಗವಿದ್ದವರು ಅದನ್ನು ಮುಚ್ಚಿಟ್ಟು ಮನೆಗೆ ಬಂದು ರಾತ್ರಿಯ ಗುಳಿಗೆಯನ್ನು ಬಿಡುವುದಕ್ಕಿಂತ, ಸೂರ್ಯಾಸ್ತಕ್ಕೆ ಮೊದಲು ತೆಗೆದುಕೊಳ್ಳಬಹುದೇ ಎಂದು ಅಲ್ಲಿಯೇ ಕೇಳುವುದು ಲೇಸು. ಹಾಲೂಡುವ ತಾಯಿಗೆ ಕೊಡಬಹುದಾದ ಔಷಧಿಗಳಿವೆ. ಸರ್ಟ್ರಲಿನ್ ಎಂಬುದು ಎದೆಹಾಲಿಗೆ ಅತಿ ಅಲ್ಪ ಪ್ರಮಾಣದಲ್ಲಿ ಸೇರುವುದರಿಂದ ವೈದ್ಯರು ಹೆಚ್ಚಾಗಿ ಅದನ್ನು ಆರಿಸುತ್ತಾರೆ. ಗುಣ ಕಾಣಲು ಎರಡರಿಂದ ನಾಲ್ಕು ವಾರ ಹಿಡಿಯುತ್ತದೆ. ಹತ್ತನೆಯ ದಿನ "ಏನೂ ಫರಕ ಆಗಿಲ್ಲ" ಎಂದು ನಿಲ್ಲಿಸುವುದು, ಆಮೇಲೆ ಸ್ವಲ್ಪ ನಕ್ಕಳೆಂದು ನಿಲ್ಲಿಸುವುದು, ಎರಡೂ ತಪ್ಪು.

ಸ್ಥಳಾನುಕೂಲವೂ ಮೊದಲಿನಷ್ಟು ಕಷ್ಟವಲ್ಲ. ಮನೋವೈದ್ಯರನ್ನು ಕಾಣಲು ವಿಜಯಪುರವನ್ನು ದಾಟಿ ಹೋಗಬೇಕಾಗಿಲ್ಲ. ಹೆಚ್ಚಿನ ಚಿಕಿತ್ಸೆಗೆ ಧಾರವಾಡದ ಡಿಮ್ಹಾನ್ಸ್ ಇದೆ. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ 2009ರಲ್ಲಿ ತಾಯಿ ಮತ್ತು ಕೂಸನ್ನು ಒಟ್ಟಿಗೆ ಇರಿಸಿಕೊಂಡು ಚಿಕಿತ್ಸೆ ಮಾಡುವ ವಿಭಾಗ ಆರಂಭವಾಯಿತು. ಆಸ್ಪತ್ರೆಗೆ ಸೇರಿಸಿದರೆ ಕೂಸನ್ನು ಕಿತ್ತುಕೊಳ್ಳುತ್ತಾರೆಂಬ ಭಯವೂ ಬೇಡ: 2017ರ ಮಾನಸಿಕ ಆರೋಗ್ಯ ಕಾಯಿದೆಯ ಪ್ರಕಾರ ಮೂರು ವರ್ಷದೊಳಗಿನ ಕೂಸನ್ನು ಚಿಕಿತ್ಸೆಯಲ್ಲಿರುವ ತಾಯಿಯಿಂದ ಸಾಮಾನ್ಯವಾಗಿ ಅಗಲಿಸುವಂತಿಲ್ಲ, ಕೂಸಿಗೆ ಅಪಾಯವಿದೆಯೆಂದು ಕಂಡಾಗ ಮಾತ್ರ ತಾತ್ಕಾಲಿಕವಾಗಿ ಬೇರೆ ಇರಿಸಬಹ��ದು. 2022ರ ಅಕ್ಟೋಬರಿನಲ್ಲಿ ಆರಂಭವಾದ ಟೆಲಿ ಮಾನಸ್ ಸೇವೆಗೆ 14416 ಸಂಖ್ಯೆಗೆ ಕರೆ ಮಾಡಿದರೆ ಕನ್ನಡದಲ್ಲಿಯೇ, ಹಣವಿಲ್ಲದೆ, ಮಾತಾಡುವವರು ಸಿಗುತ್ತಾರೆ.

ಔಷಧಿ ಬೇಕಾಗದ ಮಟ್ಟದ ಖಿನ್ನತೆಯೂ ಉಂಟು; ಅಲ್ಲಿ ಮಾತೇ ಚಿಕಿತ್ಸೆ. ಪಾಕಿಸ್ತಾನದ ರಾವಲ್ಪಿಂಡಿಯ ಹಳ್ಳಿಗಳಲ್ಲಿ, ಆಶಾ ಕಾರ್ಯಕರ್ತೆಯರಂಥ ಸಾಮಾನ್ಯ ಹೆಂಗಸರಿಗೆ ಗರ್ಭಿಣಿ ಬಾಣಂತಿಯರೊಡನೆ ಕ್ರಮವಾಗಿ ಮಾತಾಡುವುದನ್ನು ಕಲಿಸಿ ನೋಡಿದರು. 2008ರಲ್ಲಿ ಪ್ರಕಟವಾದ ಫಲಿತಾಂಶದಂತೆ, ಹೀಗೆ ಮಾತಾಡಿಸಿದವರಲ್ಲಿ ಆರನೆಯ ತಿಂಗಳಿಗೆ ಶೇಕಡಾ 23 ಮಂದಿಯಲ್ಲಿ ಮಾತ್ರ ಖಿನ್ನತೆ ಉಳಿದಿತ್ತು. ಬರಿದೆ ಭೇಟಿ ಕೊಟ್ಟ ಹಳ್ಳಿಗಳಲ್ಲಿ ಶೇಕಡಾ 53. ಜಿನಸೇನಾಚಾರ್ಯರ ಆದಿಪುರಾಣವನ್ನು ಓದಿದವರಿಗೆ ಇದು ಆಶ್ಚರ್ಯವಲ್ಲ. ಗರ್ಭವತಿಯಾದ ಮರುದೇವಿಯ ಸೇವೆಗೆ ಬಂದ ದಿಕ್ಕುಮಾರಿಯರು ಸ್ನಾನ ಅಲಂಕಾರಗಳನ್ನು ಮಾಡಿಸಿ ಸುಮ್ಮನಾಗಲಿಲ್ಲ. ಹಾಡಿ, ಕಥೆ ಹೇಳಿ, ಒಗಟುಗಳನ್ನು ಒಡ್ಡಿ ಅವಳಿಂದ ಉತ್ತರ ಹೇಳಿಸಿದರು. ಅವಳ ಮನಸ್ಸನ್ನು ಒಂಟಿಯಾಗಿ ಬಿಡದಿರುವುದೇ ಅವರ ಸೇವೆಯ ದೊಡ್ಡ ಭಾಗವಾಗಿತ್ತು. ಪಂಚಕಲ್ಯಾಣ ಪೂಜೆಗಳಲ್ಲಿ ಗರ್ಭಕಲ್ಯಾಣದ ದಿನ ಇದೇ ದೃಶ್ಯ ವೇದಿಕೆಯ ಮೇಲೆ ನಡೆಯುತ್ತದೆ. ತೀರ್ಥಂಕರರ ಮಾತಾಪಿತರಾಗಲು, ಕುಮಾರಿಯರಾಗಿ ಚಾಮರ ಹಿಡಿಯಲು ಸವಾಲುಗಳು ಏರುತ್ತವೆ. ಹಾಗೆ ಚಾಮರ ಹಿಡಿದವರ ಮನೆಯ ಒಳಕೋಣೆಯಲ್ಲಿ, ಅದೇ ಸಂಜೆ, ಬಾಣಂತಿಯೊಬ್ಬಳು ಯಾರೂ ಮಾತಾಡಿಸದೆ ಕುಳಿತಿರಬಹುದು.

ಬಸದಿಯ ವಿಶ್ವಸ್ತರಿಗೆ ಇಲ್ಲಿ ಒಂದು ಕೆಲಸವಿದೆ. ಹೆರಿಗೆಯ ಸೂತಕ ಮನೆಯವರಿಗೆ ಹತ್ತು ದಿನ. ಹೆತ್ತವಳು ನಲವತ್ತೋ ನಲವತ್ತೈದೋ ದಿನ ಬಸದಿಗೆ ಹೋಗುವಂತಿಲ್ಲವೆಂಬುದು ರೂಢಿ, ಮನೆತನದಿಂದ ಮನೆತನಕ್ಕೆ ತುಸು ಭೇದವಿದ್ದೀತು. ವಿಶ್ರಾಂತಿಗೆ ಈ ರೂಢಿ ಒಳ್ಳೆಯದೇ. ಆದರೆ ಮನೋವ್ಯಾಧಿಗಳು ತಲೆಯೆತ್ತುವ ಮುಖ್ಯ ಕಾಲವೂ ಇದೇ ಆರು ವಾರ. ರೋಗ ಬರುವ ಹೊತ್ತಿಗೆ ಸರಿಯಾಗಿ ಅವಳು ಸಮಾಜದ ಕಣ್ಣಿಂದ ಮರೆಯಾಗಿರುತ್ತಾಳೆ. ಅವಳು ಬಸದಿಗೆ ಬರಲಾಗದಿದ್ದರೆ ಬಸದಿಯ ಹಿರಿಯ ಶ್ರಾವಿಕೆಯರು ಅವಳಿದ್ದಲ್ಲಿಗೆ ಹೋಗಬಹುದು. ಮಹಿಳಾ ಮಂಡಳದ ಇಬ್ಬರು ಹದಿನೈದನೆಯ ದಿನ ಒಮ್ಮೆ, ತಿಂಗಳಿಗೆ ಒಮ್ಮೆ ಹೋಗಿ, ಕೂಸನ್ನು ಎತ್ತಿಕೊಳ್ಳುವ ಮೊದಲು ತಾಯಿಯ ಪಕ್ಕ ಕುಳಿತು "ರಾತ್ರಿ ನಿದ್ದಿ ಬರತೈತೇನವಾ? ಹೊಟ್ಟಿಗಿ ಉಣತೀಯೇನು? ಮನಸ್ಸಿಗೆ ಏನಾರ ಭಾರ ಐತೇನು?" ಎಂದು ಕೇಳಿದರೆ ಸಾಕು. 1987ರಲ್ಲಿ ಎಡಿನ್‌ಬರೋ ನಗರದ ಹೆಸರಿನಲ್ಲಿ ಸಿದ್ಧವಾದ ಹತ್ತು ಪ್ರಶ್ನೆಗಳ ಪಟ್ಟಿಯೊಂದು ಕನ್ನಡದಲ್ಲಿಯೂ ಬಳಕೆಯಲ್ಲಿದೆ. ಅದನ್ನು ಬಳಸುವ ಕ್ರಮವನ್ನು ವೈದ್ಯರಿಂದ ಒಂದು ಮಧ್ಯಾಹ್ನದಲ್ಲಿ ಕಲಿಯಬಹುದು. ಆದರೆ ಅಲ್ಲಿ ಕೇಳಿದ್ದು ಅಲ್ಲಿಯೇ ಉಳಿಯಬೇಕು. ಪರರ ಗುಟ್ಟನ್ನು ಹೊರಗೆಡಹುವುದು ಸತ್ಯಾಣುವ್ರತದ ಅತಿಚಾರ. ವ್ಯಾಪಾರಿಗಳಿಗೆ ಸುಳ್ಳು ಪತ್ರ ಬರೆಯಬಾರದೆಂಬ ಅತಿಚಾರ ನೆನಪಿರುವಷ್ಟು ಇದು ನೆನಪಿರುವುದಿಲ್ಲ.

ಗುಟ್ಟಿನ ಮಾತು ಬಂದದ್ದರಿಂದ ಕೊನೆಗೆ ಒಂದು ಸಂಗತಿ. ಗುಟ್ಟು ಕಾಯುವುದು ಬೇರೆ, ಮುಚ್ಚಿಡುವುದು ಬೇರೆ. ಚಿಕಿತ್ಸೆಯಿಂದ ಗುಣವಾದ ಮೇಲೆ ಎಷ್ಟೋ ಮನೆಗಳಲ್ಲಿ ಮೊದಲು ಮಾಡುವ ಕೆಲಸವೆಂದರೆ ವೈದ್ಯರ ಚೀಟಿಗಳನ್ನು ಹರಿದು ಒಲೆಗೆ ಹಾಕುವುದು. ತಂಗಿಯ ಮದುವೆಯಾಗಬೇಕು, ನಾದಿನಿಗೆ ವರ ನೋಡುತ್ತಿದ್ದಾರೆ, ಯಾರಾದರೂ ನೋಡಿದರೆ ಮನೆತನದ ಹೆಸರು ಹೋದೀತು ಎಂಬ ಅಂಜಿಕೆ. ಎರಡು ಮೂರು ವರ್ಷಗಳ ನಂತರ ಅವಳು ಮತ್ತೆ ಬಸುರಿಯಾಗುತ್ತಾಳೆ. ಒಮ್ಮೆ ಸನ್ನಿಯಾದವಳಿಗೆ ಮುಂದಿನ ಹೆರಿಗೆಯಲ್ಲಿ ಅದು ಮರುಕಳಿಸುವ ಸಂಭವ ಹೆಚ್ಚು. ಮೊದಲೇ ತಿಳಿದಿದ್ದರೆ ವೈದ್ಯರು ಹೆರಿಗೆಯ ದಿನದಿಂದಲೇ ಎಚ್ಚರ ವಹಿಸಿ ತಡೆಯಬಲ್ಲರು. ಈ ಸಲ ಆಸ್ಪತ್ರೆ ಬೇರೆ, ವೈದ್ಯರು ಬೇರೆ. "ಹಿಂದಿನ ಹೆರಿಗೆಯಲ್ಲಿ ಏನಾದರೂ ತೊಂದರೆಯಾಗಿತ್ತೇ?" ಎಂದು ಅವರು ಕೇಳುತ್ತಾರೆ. ಅತ್ತೆ ಗಂಡನ ಮುಖ ನೋಡುತ್ತಾಳೆ. ಗಂಡ ನೆಲ ನೋಡುತ್ತ "ಏನಿಲ್ಲ ಸಾಹೇಬ್ರ, ಎಲ್ಲಾ ಛಲೋ ಆಗಿತ್ತು" ಎನ್ನುತ್ತಾನೆ. ಹೊಲದ ಉತಾರವನ್ನೂ ಬ್ಯಾಂಕಿನ ಪುಸ್ತಕಗಳನ್ನೂ ಇಟ್ಟ ಟ್ರೆಜರಿಯಲ್ಲಿ ಆ ಚೀಟಿಗೂ ಜಾಗವಿತ್ತು.